ಓಡುತ್ತಿರುವ ಸೆಂಟ್‌ಒಎಸ್ 7ರ ಪಕ್ಕದಲ್ಲೇ ಡೆಬಿಯನ್ 12: ಕೆಲಸ ನಿಲ್ಲಿಸದೆ ನಡೆದ ಒಂದು ಸ್ಥಾಪನೆಯ ಪ್ರಕರಣ ಅಧ್ಯಯನ

ಸೆಂಟ್‌ಒಎಸ್ 7 ಎಂಬ ಲಿನಕ್ಸ್ ಕಾರ್ಯಾಚರಣಾ ವ್ಯವಸ್ಥೆಗೆ ಸಿಗುತ್ತಿದ್ದ ಭದ್ರತಾ ಪರಿಷ್ಕರಣೆಗಳು 2024ರ ಜೂನ್ 30ಕ್ಕೆ ನಿಂತುಹೋದವು. ಆ ಬಳಿಕವೂ ಅದೇ ವ್ಯವಸ್ಥೆಯ ಮೇಲೆ ಓಡುತ್ತಿದ್ದ ಒಂದು ಗಣನಾ ಯಂತ್ರವನ್ನು ಡೆಬಿಯನ್ 12 ಎಂಬ ಇನ್ನೊಂದು ಲಿನಕ್ಸ್‌ಗೆ ಬದಲಾಯಿಸಿದ ಬಗೆ ಈ ಅಧ್ಯಯನದ ವಿಷಯ. ಯಂತ್ರದ ಮೇಲೆ ಒಂದು ಸಂಖ್ಯಾತ್ಮಕ ಸಿಮ್ಯುಲೇಶನ್ ಹಲವು ವಾರಗಳಿಂದ ನಡೆಯುತ್ತಿತ್ತು. ತನ್ನ ಮಧ್ಯದ ಸ್ಥಿತಿಯನ್ನು ಡಿಸ್ಕಿಗೆ ಬರೆದಿಟ್ಟುಕೊಳ್ಳುವ ಏರ್ಪಾಡು ಆ ಪ್ರೋಗ್ರಾಮಿನಲ್ಲಿ ಇರಲಿಲ್ಲವಾದ್ದರಿಂದ, ನಡುವೆ ನಿಲ್ಲಿಸಿದರೆ ಮೊದಲಿನಿಂದಲೇ ಆರಂಭಿಸಬೇಕಿತ್ತು. ಅದರ ಜೊತೆಗೆ ಫಲಿತಾಂಶಗಳನ್ನು ದಾಖಲಿಸುವ ಒಂದು ಪೋಸ್ಟ್‌ಗ್ರೆಸ್ ಡೇಟಾಬೇಸ್ ಇತ್ತು, ಮತ್ತು ಎಸ್‌ಎಸ್‌ಎಚ್ (ದೂರದಿಂದ ಯಂತ್ರದೊಳಗೆ ಬರುವ ಸುರಕ್ಷಿತ ದಾರಿ) ಮೂಲಕ ಒಳಬಂದು ದಿನವಿಡೀ ಕೆಲಸ ಮಾಡುವ ಬಳಕೆದಾರರಿದ್ದರು. ಸೆಂಟ್‌ಒಎಸ್ 7ರಿಂದ ಡೆಬಿಯನ್‌ಗೆ ನೇರ ಉನ್ನತೀಕರಣದ ದಾರಿಯಿಲ್ಲ. ಎರಡರ ಪ್ಯಾಕೇಜ್ ಪದ್ಧತಿಗಳೇ ಬೇರೆ. ಸಾಮಾನ್ಯ ಕ್ರಮವೆಂದರೆ ಯಂತ್ರವನ್ನು ನಿಲ್ಲಿಸಿ, ಯುಎಸ್‌ಬಿ ಕಡ್ಡಿಯಿಂದ ಬೂಟ್ ಮಾಡಿ, ಇನ್‌ಸ್ಟಾಲರ್ ಕೇಳುವ ಪ್ರಶ್ನೆಗಳಿಗೆ ಉತ್ತರಿಸಿ, ನಂತರ ಒಂದೊಂದೇ ಸೇವೆಯನ್ನು ಮರಳಿ ಕಟ್ಟುವುದು. ಅಷ್ಟು ಹೊತ್ತು ಯಾರೂ ಕೆಲಸ ಮಾಡುವಂತಿಲ್ಲ ಎಂಬುದು ಅದರಲ್ಲಿ ಅಡಗಿರುವ ಷರತ್ತು.

ಈ ಷರತ್ತು ಅಗತ್ಯವೇ ಎಂಬ ಪ್ರಶ್ನೆಯಿಂದಲೇ ನಮ್ಮ ಯೋಜನೆ ಹುಟ್ಟಿತು. ಒಂದು ಡಿಸ್ಟ್ರೋವನ್ನು (ಲಿನಕ್ಸ್‌ನ ಒಂದು ಸಿದ್ಧ ರೂಪವನ್ನು) ಸ್ಥಾಪಿಸುವುದೆಂದರೆ ಒಂದು ಖಾಲಿ ಕಡತ ವ್ಯವಸ್ಥೆಯೊಳಗೆ ಪ್ಯಾಕೇಜುಗಳನ್ನು ಬಿಚ್ಚಿ, ಅವುಗಳ ಸಂರಚನೆಯನ್ನು ಬರೆದು, ಯಂತ್ರದೊಳಗಿನ ಫರ್ಮ್‌ವೇರ್‌ಗೆ, ವ್ಯವಸ್ಥೆಯನ್ನು ಎಬ್ಬಿಸುವ ಬೂಟ್‌ಲೋಡರ್ ಎಲ್ಲಿದೆಯೆಂದು ತಿಳಿಸುವುದು. ಇವುಗಳಲ್ಲಿ ಯಾವುದಕ್ಕೂ ಹೊಸ ಕರ್ನಲ್ (ವ್ಯವಸ್ಥೆಯ ತಿರುಳಾದ ಪ್ರೋಗ್ರಾಮ್) ಓಡುತ್ತಿರಬೇಕಾಗಿಲ್ಲ. ಯಾವ ಲಿನಕ್ಸ್ ಆದರೂ ಈ ಕೆಲಸವನ್ನು ಮಾಡಬಲ್ಲದು. ರೀಬೂಟ್ ಬೇಕಾಗುವುದು ಕರ್ನಲ್ ಬದಲಾಗುವ ಘಳಿಗೆಗೆ, ಸ್ಥಾಪನೆಗಲ್ಲ. ಇವೆರಡನ್ನೂ ಬೇರ್ಪಡಿಸಿದರೆ, ದಿನಗಟ್ಟಲೆ ಹಿಡಿಯುವ ಭಾಗವನ್ನು ಯಾರಿಗೂ ತೊಂದರೆಯಾಗದಂತೆ ಮುಗಿಸಿ, ನಿಮಿಷಗಳಲ್ಲಿ ಮುಗಿಯುವ ಭಾಗವನ್ನು ನಮಗೆ ಅನುಕೂಲವಾದ ಹೊತ್ತಿಗೆ ಇಟ್ಟುಕೊಳ್ಳಬಹುದು. ಡೆಬಿಯನ್‌ನ ಅಧಿಕೃತ ಸ್ಥಾಪನಾ ಕೈಪಿಡಿಯ ಅನುಬಂಧದಲ್ಲಿ ಈ ದಾರಿಯ ವಿವರಣೆ ಬಹುಕಾಲದಿಂದ ಇದೆ. ಹಾಗಿದ್ದರೂ ಬಳಸುವವರು ಕಡಿಮೆ ಎಂಬುದು ನನಗೆ ವಿಷಾದದ ಸಂಗತಿ.

ಜಾಗ ಮತ್ತು ಬುನಾದಿ

ಯಂತ್ರದ ಡಿಸ್ಕ್ ಎಲ್‌ವಿಎಂ ಅಡಿಯಲ್ಲಿತ್ತು, ಅಂದರೆ ಜಾಗವನ್ನು ವಾಲ್ಯೂಮ್‌ಗಳೆಂಬ ಭಾಗಗಳಾಗಿ ಹಂಚಿಕೊಡುವ ಪದರದ ಅಡಿಯಲ್ಲಿ. ಹಳೆಯ ಮೂಲ ಕಡತ ವ್ಯವಸ್ಥೆ, ಬಳಕೆದಾರರ ಹೋಮ್ ಮತ್ತು ಸ್ವಾಪ್ ಇವು ಬೇರೆಬೇರೆ ವಾಲ್ಯೂಮ್‌ಗಳಾಗಿದ್ದು, ಗುಂಪಿನಲ್ಲಿ ಯಾರಿಗೂ ಹಂಚದ ಜಾಗ ಸಾಕಷ್ಟು ಉಳಿದಿತ್ತು. ಈ ಪ್ರಕರಣದ ಅದೃಷ್ಟವೆಂದರೆ ಇದೇ. ಸೆಂಟ್‌ಒಎಸ್ 7 ವಾಡಿಕೆಯಂತೆ ಬಳಸುವ ಎಕ್ಸ್‌ಎಫ್‌ಎಸ್ ಎಂಬ ಕಡತ ವ್ಯವಸ್ಥೆಯನ್ನು ಕುಗ್ಗಿಸಲು ಬರುವುದಿಲ್ಲ. ಎಕ್ಸ್ಟ್4 ಅನ್ನು ಕುಗ್ಗಿಸಬಹುದು, ಆದರೆ ಅನ್‌ಮೌಂಟ್ ಮಾಡಿದ (ಬಳಕೆಯಿಂದ ಕಳಚಿದ) ಮೇಲೆ ಮಾತ್ರ. ಬಿಟಿಆರ್‌ಎಫ್‌ಎಸ್ ಮಾತ್ರ ಓಡುತ್ತಿರುವಾಗಲೇ ಕುಗ್ಗಬಲ್ಲದು. ಹಂಚದ ಜಾಗವಿಲ್ಲದ ಯಂತ್ರದಲ್ಲಿ ಇನ್ನೊಂದು ಡಿಸ್ಕನ್ನು ಸೇರಿಸುವುದೇ ಸರಳ ದಾರಿ. ನಾವು ಹೊಸ ವಾಲ್ಯೂಮ್ ಒಂದನ್ನು ತೆಗೆದು, ಹಳೆಯ ವ್ಯವಸ್ಥೆಯ ಉಪಕರಣದಿಂದಲೇ ಅದರ ಮೇಲೆ ಎಕ್ಸ್ಟ್4 ಬರೆದೆವು. ಹಳೆಯ ಉಪಕರಣವನ್ನೇ ಬಳಸಿದ್ದಕ್ಕೆ ಕಾರಣವಿದೆ: ಹೊಸ ಉಪಕರಣಗಳು ತಾವಾಗಿಯೇ ಸೇರಿಸುವ ಕೆಲವು ಸೌಲಭ್ಯಗಳು ಸೆಂಟ್‌ಒಎಸ್ 7ರ 3.10 ಕರ್ನಲ್‌ಗೆ ಅರ್ಥವಾಗದೇ ಹೋಗಬಹುದು, ಹಳೆಯದು ಬರೆದದ್ದನ್ನು ಮಾತ್ರ ಎರಡೂ ಕಡೆಯವರು ಓದುತ್ತಾರೆ.

ಬುನಾದಿ ಹಾಕಿದ್ದು ಡಿಬೂಟ್‌ಸ್ಟ್ರಾಪ್. ಇದು ಒಂದು ಶೆಲ್ ಸ್ಕ್ರಿಪ್ಟ್. ಡೆಬಿಯನ್‌ನ ಕನಿಷ್ಠ ಪ್ಯಾಕೇಜುಗಳನ್ನು ಇಳಿಸಿಕೊಂಡು ಹೇಳಿದ ಕೋಶದೊಳಗೆ ಬಿಚ್ಚಿ ಸಂರಚಿಸುತ್ತದೆ. ಸೆಂಟ್‌ಒಎಸ್‌ನ ಭಂಡಾರಗಳಲ್ಲಿ ಸಿಗುವ ಹಳೆಯ ಆವೃತ್ತಿಯನ್ನು ನಾವು ಬಳಸಲಿಲ್ಲ, ಏಕೆಂದರೆ 2023ರ ಜೂನ್‌ನಲ್ಲಿ ಬಿಡುಗಡೆಯಾದ ಡೆಬಿಯನ್ 12ರ ಕೋಶರಚನೆ ಹಳೆಯ ಬಿಡುಗಡೆಗಳಿಗಿಂತ ಬದಲಾಗಿದೆ. ಡೆಬಿಯನ್‌ನದೇ ಇತ್ತೀಚಿನ ಪ್ಯಾಕೇಜನ್ನು ಇಳಿಸಿ, ಎಆರ್ ಮತ್ತು ಟಾರ್ ಎಂಬ ಸಾಮಾನ್ಯ ಉಪಕರಣಗಳಿಂದ ಬಿಚ್ಚಿ, ಸ್ಕ್ರಿಪ್ಟುಗಳ ಕೋಶವನ್ನು ಎನ್ವಿರಾನ್‌ಮೆಂಟ್ ವೇರಿಯಬಲ್ ಮೂಲಕ ತೋರಿಸಿದರೆ ಸಾಕು. ಹಳೆಯ ವ್ಯವಸ್ಥೆಯೊಳಗೆ ಏನನ್ನೂ ಸ್ಥಾಪಿಸಬೇಕಾಗಿಲ್ಲ. ಡೆಬಿಯನ್‌ನ ಕೀರಿಂಗ್ ಕಡತವನ್ನು ಜೊತೆಗೆ ಕೊಡುವುದನ್ನು ಮರೆಯಬಾರದು. ಅದಿಲ್ಲದಿದ್ದರೆ ಭಂಡಾರದ ಸಹಿಯ ಪರಿಶೀಲನೆ ನಡೆಯುವುದಿಲ್ಲ. ಘಟಕಗಳ ಪಟ್ಟಿಯಲ್ಲಿ ಮುಖ್ಯ ಭಂಡಾರದ ಜೊತೆಗೆ ಮುಕ್ತವಲ್ಲದ ಫರ್ಮ್‌ವೇರ್‌ನ ಭಂಡಾರವನ್ನೂ ಹೆಸರಿಸಿದೆವು. ಅಧಿಕೃತ ಇನ್‌ಸ್ಟಾಲರ್ ಈಗ ಅದನ್ನು ತಾನೇ ನೋಡಿಕೊಳ್ಳುತ್ತದೆ, ಡಿಬೂಟ್‌ಸ್ಟ್ರಾಪ್ ನೋಡಿಕೊಳ್ಳುವುದಿಲ್ಲ.

ಹಳೆಯ ಕರ್ನಲ್‌ನ ಮೇಲೆ ಹೊಸ ಡಿಸ್ಟ್ರೋದ ಪ್ರೋಗ್ರಾಮುಗಳು ಓಡುತ್ತವೆಯೇ ಎಂಬ ಸಂಶಯ ಸಹಜ. ಡೆಬಿಯನ್ 12ರ ಪ್ರೋಗ್ರಾಮುಗಳು ನೆಚ್ಚುವ ಮೂಲ ಲೈಬ್ರರಿಯಾದ ಜಿಲಿಬ್‌ಸಿ 2.36ಕ್ಕೆ ಕನಿಷ್ಠ 3.2 ಕರ್ನಲ್ ಸಾಕು, ಆದ್ದರಿಂದ 3.10ರ ಮೇಲೆ ತೊಂದರೆ ಬರಲಿಲ್ಲ. ಸೆಂಟ್‌ಒಎಸ್ 6ರ 2.6.32 ಆಗಿದ್ದರೆ ಕರ್ನಲ್ ತೀರಾ ಹಳೆಯದು ಎಂಬ ಸೂಚನೆಯೊಡನೆ ಮೊದಲ ಪ್ರೋಗ್ರಾಮೇ ನಿಂತುಬಿಡುತ್ತಿತ್ತು.

ಓಡುತ್ತಿರುವ ಕೆಲಸವನ್ನು ಕಾಯ್ದದ್ದು

ಹೊಸ ಮರದೊಳಗೆ, ಅಂದರೆ ಹೊಸ ವಾಲ್ಯೂಮಿನಲ್ಲಿ ಕಟ್ಟಿದ ಕೋಶಗಳ ಸಮೂಹದೊಳಗೆ, ಕಾಲಿಡುವುದು ಸಿಹೆಚ್‌ರೂಟ್ ಮೂಲಕ. 1979ರ ಯುನಿಕ್ಸ್ ಏಳನೆಯ ಆವೃತ್ತಿಯಿಂದಲೂ ಇರುವ ಈ ಕರೆ ಒಂದು ಪ್ರಕ್ರಿಯೆಗೆ ಕಾಣುವ ಮೂಲಕೋಶವನ್ನು ಬದಲಿಸುತ್ತದೆ, ಅಷ್ಟೇ. ಕರ್ನಲ್ ಒಂದೇ, ನೆಟ್‌ವರ್ಕ್ ಒಂದೇ, ಪ್ರಕ್ರಿಯೆಗಳ ಪಟ್ಟಿ ಒಂದೇ. ಹಾಗಾಗಿ ಒಳಗೆ ಮಾಡಿದ ಕೆಲವು ಕೆಲಸಗಳು ಹೊರಗಿನ ಜೀವಂತ ವ್ಯವಸ್ಥೆಯನ್ನು ಮುಟ್ಟಬಲ್ಲವು. ಕೆಲಸಕ್ಕೆ ಅಡ್ಡಿಯಾಗದ ಸ್ಥಾಪನೆ ಎಂಬ ಮಾತು ನಿಜವಾಗುವುದೂ ಸುಳ್ಳಾಗುವುದೂ ಇಲ್ಲಿಯೇ.

ಮೊದಲ ಅಪಾಯ ಮೌಂಟ್‌ಗಳದು. ಒಳಗಿನ ಪ್ರೋಗ್ರಾಮುಗಳಿಗೆ ಕರ್ನಲ್ ಮತ್ತು ಸಾಧನಗಳನ್ನು ತೋರಿಸುವ ಪ್ರೋಕ್, ಸಿಸ್ ಮತ್ತು ಡೆವ್ ಕೋಶಗಳು ಬೇಕಾದ್ದರಿಂದ ಅವುಗಳನ್ನು ಉಪಮೌಂಟ್‌ಗಳ ಸಹಿತ ಹೊಸ ಮರದೊಳಗೆ ಬೈಂಡ್ ಮಾಡಬೇಕಾಗುತ್ತದೆ, ಅಂದರೆ ಅಲ್ಲಿಯೂ ಕಾಣುವಂತೆ ಜೋಡಿಸಬೇಕಾಗುತ್ತದೆ. ಸೇವೆಗಳನ್ನು ನಡೆಸುವ ಸಿಸ್ಟಮ್‌ಡಿ ಇರುವ ಯಂತ್ರಗಳಲ್ಲಿ ಮೌಂಟ್‌ಗಳು ಹುಟ್ಟಿನಿಂದಲೇ ಹಂಚಿಕೆಯ ಸ್ವಭಾವದವು. ಬೈಂಡ್ ಮಾಡಿದ ಪ್ರತಿಯಲ್ಲಿ ಮಾಡಿದ ಅನ್‌ಮೌಂಟ್ ಮೂಲಕ್ಕೂ ಹರಡುತ್ತದೆ. ಕೆಲಸ ಮುಗಿಯಿತೆಂದು ಹೊಸ ಮರದ ಡೆವ್ ಅನ್ನು ಕಳಚಿದರೆ, ಹೊರಗಿನ ಟರ್ಮಿನಲ್ ಸಾಧನಗಳ ಮೌಂಟ್ ಕೂಡ ಕಳಚಿಹೋಗಿ, ಯಾರೂ ಹೊಸ ಟರ್ಮಿನಲ್ ತೆರೆಯಲಾಗದ ಸ್ಥಿತಿ ಬರುತ್ತದೆ. ಇದನ್ನು ತಡೆಯುವುದು ಒಂದೇ ಆಜ್ಞೆ: ಬೈಂಡ್ ಮಾಡಿದೊಡನೆ ಪ್ರತಿಯನ್ನು ಆಳದವರೆಗೂ ಅಧೀನ ಮೌಂಟ್ ಆಗಿ ಗುರುತಿಸುವುದು, ಅಂದರೆ ಆರ್‌ಸ್ಲೇವ್ ಮಾಡುವುದು. ಇದಕ್ಕೆ ಅಂಟಿಕೊಂಡೇ ಇನ್ನೊಂದು ಎಚ್ಚರಿಕೆ ಇದೆ. ಪ್ರಯೋಗ ಕೆಟ್ಟಿತೆಂದು ಹೊಸ ಮರವನ್ನು ಅಳಿಸುವ ಮುನ್ನ, ಅದರೊಳಗೆ ಹೊರಗಿನದೇನೂ ಮೌಂಟ್ ಆಗಿಲ್ಲವೆಂದು ಕಣ್ಣಾರೆ ನೋಡಬೇಕು. ಬೈಂಡ್ ಆದ ಹೋಮ್‌ನ ಮೇಲೆ ನಡೆಯುವ ಅಳಿಸುವಿಕೆ ನಿಜವಾದ ಹೋಮ್‌ನ ಅಳಿಸುವಿಕೆಯೇ.

ಎರಡನೆಯದು ಸೇವೆಗಳದು. ಡೆಬಿಯನ್‌ನಲ್ಲಿ ಸರ್ವರ್ ಪ್ಯಾಕೇಜನ್ನು ಸ್ಥಾಪಿಸಿದೊಡನೆ ಅದು ತನ್ನ ಸೇವೆಯನ್ನು ಆರಂಭಿಸಲು ಪ್ರಯತ್ನಿಸುತ್ತದೆ. ನೆಟ್‌ವರ್ಕ್ ಒಂದೇ ಆಗಿರುವುದರಿಂದ, ಒಳಗಿನ ಎಸ್‌ಎಸ್‌ಎಚ್ ಸರ್ವರ್ ಹೊರಗಿನದು ಈಗಾಗಲೇ ಹಿಡಿದಿರುವ 22ನೆಯ ಪೋರ್ಟನ್ನೇ ಕೇಳುತ್ತದೆ. ಇದಕ್ಕೆ ಡೆಬಿಯನ್‌ನಲ್ಲಿಯೇ ಪದ್ಧತಿಯಿದೆ: ಪಾಲಿಸಿ-ಆರ್‌ಸಿ.ಡಿ ಎಂಬ ಪುಟ್ಟ ಸ್ಕ್ರಿಪ್ಟನ್ನು ಇಟ್ಟು, ಅದು 101 ಎಂಬ ಸಂಕೇತವನ್ನು ಹಿಂದಿರುಗಿಸುವಂತೆ ಮಾಡಿದರೆ, ಪ್ಯಾಕೇಜುಗಳು ಸೇವೆಯನ್ನು ಮುಟ್ಟದೆ ಸ್ಥಾಪನೆಯನ್ನು ಮುಗಿಸುತ್ತವೆ. ಹೊರಗಿನ ರನ್ ಕೋಶವನ್ನು ನಾವು ಬೈಂಡ್ ಮಾಡಲೇ ಇಲ್ಲ. ಅದರೊಳಗಿನ ಸಾಕೆಟ್‌ಗಳ ಮೂಲಕ ಒಳಗಿನ ಆಜ್ಞೆಯೊಂದು ಹೊರಗಿನ ಸಿಸ್ಟಮ್‌ಡಿಯೊಡನೆ ಮಾತಾಡುವ ಸಂದರ್ಭವೇ ಬರಬಾರದು. ಕೊನೆಯ ಬೂಟ್‌ಗೆ ಮುನ್ನ ಈ ತಡೆಯ ಸ್ಕ್ರಿಪ್ಟನ್ನು ತೆಗೆದುಹಾಕಬೇಕೆಂಬುದನ್ನು ಕೆಲಸದ ಪಟ್ಟಿಯಲ್ಲಿ ಮೊದಲೇ ಬರೆದುಕೊಂಡಿದ್ದೆವು.

ಮೂರನೆಯದು ಡಿಸ್ಕಿನ ಮೇಲಿನ ಒತ್ತಡ. ಪ್ಯಾಕೇಜ್ ಕೆಡದಿರಲೆಂದು ಡೆಬಿಯನ್‌ನ ಪ್ಯಾಕೇಜ್ ಉಪಕರಣವಾದ ಡಿಪಿಕೆಜಿ, ಬರಹವನ್ನು ಆಗಲೇ ಡಿಸ್ಕಿಗೆ ಇಳಿಸುವ ಎಫ್‌ಸಿಂಕ್ ಅನ್ನು ಮತ್ತೆಮತ್ತೆ ಕರೆಯುತ್ತದೆ, ಪ್ರತಿ ಕರೆಯೂ ಅದೇ ಡಿಸ್ಕಿಗೆ ಬರೆಯುತ್ತಿರುವ ಡೇಟಾಬೇಸನ್ನು ಕಾಯಿಸುತ್ತದೆ. ಹೊಸ ಮರ ಪೂರ್ಣವಾಗುವವರೆಗೆ ಅದು ಕೆಟ್ಟರೂ ಮತ್ತೆ ಕಟ್ಟಬಹುದಾದ ವಸ್ತು ಎಂಬ ನೆಲೆಯಲ್ಲಿ, ಡಿಪಿಕೆಜಿಯ ಅಸುರಕ್ಷಿತ ಬರವಣಿಗೆಯ ಆಯ್ಕೆಯನ್ನು ಸ್ಥಾಪನೆಯ ಅವಧಿಗಷ್ಟೇ ಚಾಲೂ ಮಾಡಿ, ಕೊನೆಯಲ್ಲಿ ಎಲ್ಲವನ್ನೂ ಒಮ್ಮೆ ಸಿಂಕ್ ಮಾಡಿದೆವು. ಪ್ರಕ್ರಿಯೆಯ ಆದ್ಯತೆಯನ್ನು ತಗ್ಗಿಸುವ ನೈಸ್ ಮತ್ತು ಅಯಾನೈಸ್ ಕೂಡ ಬಳಸಿದ್ದುಂಟು, ಆದರೆ ಅಯಾನೈಸ್‌ನ ಪರಿಣಾಮ ಡಿಸ್ಕ್ ಶೆಡ್ಯೂಲರ್ ಯಾವುದೆಂಬುದರ ಮೇಲೆ ನಿಂತಿದೆ. ಅದನ್ನೊಂದೇ ನಂಬಿ ಕೂರುವಂತಿಲ್ಲ.

ಹಳೆಯದರಿಂದ ಹೊಸದಕ್ಕೆ

ಬಳಕೆದಾರರ ಖಾತೆಗಳ ಸಂಖ್ಯೆಗಳು ಎರಡೂ ಕಡೆ 1000ದಿಂದಲೇ ಆರಂಭವಾಗುವುದರಿಂದ, ಪಾಸ್‌ವರ್ಡ್ ಮತ್ತು ಶ್ಯಾಡೋ ಕಡತಗಳಿಂದ ಆ ಸಾಲುಗಳನ್ನಷ್ಟೇ ತಂದೆವು. ಸೆಂಟ್‌ಒಎಸ್‌ನ ಪಾಸ್‌ವರ್ಡ್‌ಗಳು ಎಸ್‌ಎಚ್‌ಎ-512 ರೂಪದಲ್ಲಿರುತ್ತವೆ. ಡೆಬಿಯನ್ 12 ಹೊಸ ಪಾಸ್‌ವರ್ಡ್‌ಗಳಿಗೆ ವೈಎಸ್‌ಕ್ರಿಪ್ಟ್ ಬಳಸಿದರೂ ಹಳೆಯ ರೂಪವನ್ನು ಒಪ್ಪುತ್ತದೆ, ಆದ್ದರಿಂದ ಯಾರೂ ಪಾಸ್‌ವರ್ಡ್ ಬದಲಿಸಬೇಕಾಗಲಿಲ್ಲ. ಇಡೀ ಕಡತವನ್ನೇ ನಕಲಿಸುವುದು ತಪ್ಪು. ವ್ಯವಸ್ಥೆಯ ಖಾತೆಗಳ ಸಂಖ್ಯೆಗಳು ಎರಡು ಡಿಸ್ಟ್ರೋಗಳಲ್ಲಿ ಹೊಂದುವುದಿಲ್ಲ: ಪೋಸ್ಟ್‌ಗ್ರೆಸ್ ಖಾತೆಗೆ ಸೆಂಟ್‌ಒಎಸ್‌ನಲ್ಲಿ 26 ಎಂಬ ಸ್ಥಿರ ಸಂಖ್ಯೆಯಿದ್ದರೆ, ಡೆಬಿಯನ್ ಸ್ಥಾಪನೆಯ ಹೊತ್ತಿಗೆ ಖಾಲಿಯಿರುವ ಸಂಖ್ಯೆಯೊಂದನ್ನು ಕೊಡುತ್ತದೆ.

ಎಸ್‌ಎಸ್‌ಎಚ್ ಹೋಸ್ಟ್ ಕೀಲಿಗಳ ವಿಷಯದಲ್ಲಿ ಒಂದು ಸೂಕ್ಷ್ಮವಿದೆ, ದೂರದಿಂದ ನೋಡಿಕೊಳ್ಳುವ ಯಂತ್ರವಾದರೆ ಇದು ಪ್ರಾಣಕ್ಕೇ ಬರುವಂಥದ್ದು. ಯಂತ್ರದ ಗುರುತು ಬದಲಾಯಿತೆಂಬ ಎಚ್ಚರಿಕೆ ಬಳಕೆದಾರರಿಗೆ ಬರದಿರಲೆಂದು ಹಳೆಯ ಕೀಲಿಗಳನ್ನೇ ತರುತ್ತೇವೆ. ಸೆಂಟ್‌ಒಎಸ್ 7ರಲ್ಲಿ ಆ ಖಾಸಗಿ ಕೀಲಿಗಳನ್ನು ಒಂದು ವಿಶೇಷ ಗುಂಪು ಓದಬಹುದಾದಂತೆ 0640 ಅನುಮತಿಯಲ್ಲಿ ಇಡಲಾಗಿದೆ. ಡೆಬಿಯನ್‌ನ ಓಪನ್‌ಎಸ್‌ಎಸ್‌ಎಚ್ ಗುಂಪಿಗೆ ತೆರೆದಿರುವ ಕೀಲಿಯನ್ನು ಸ್ವೀಕರಿಸುವುದೇ ಇಲ್ಲ. ಅನುಮತಿಯನ್ನು ಉಳಿಸಿಕೊಂಡೇ ನಕಲಿಸಿದವರು ಯಂತ್ರ ಸರಿಯಾಗಿ ಬೂಟ್ ಆದ ಮೇಲೂ ಹೊರಗೇ ಉಳಿಯುತ್ತಾರೆ. ಮಾಲೀಕ ಮತ್ತು ಗುಂಪು ಎರಡನ್ನೂ ರೂಟ್ ಮಾಡಿ 0600 ಅನುಮತಿ ಕೊಟ್ಟೆವು.

ಡೇಟಾಬೇಸ್ ಸೆಂಟ್‌ಒಎಸ್ 7ರ ಪೋಸ್ಟ್‌ಗ್ರೆಸ್ 9.2 ಆಗಿತ್ತು, ಡೆಬಿಯನ್ 12ರಲ್ಲಿರುವುದು 15. ಒಂದರ ದತ್ತಾಂಶ ಕೋಶವನ್ನು ಇನ್ನೊಂದು ನೇರವಾಗಿ ತೆರೆಯಲಾರದು. ಸಿಹೆಚ್‌ರೂಟ್‌ನಲ್ಲಿ ನೆಟ್‌ವರ್ಕ್ ಒಂದೇ ಎಂಬ ಸಂಗತಿ ಇಲ್ಲಿ ನೆರವಿಗೆ ಬಂತು: ಹೊಸ ಮರದೊಳಗಿನ 15ನೆಯ ಆವೃತ್ತಿಯ ಪಿಜಿಡಂಪ್, ಹೊರಗೆ ಓಡುತ್ತಿರುವ ಹಳೆಯ ಸರ್ವರ್‌ಗೆ ಟಿಸಿಪಿ ಮೂಲಕ ಸಂಪರ್ಕಿಸಿ, ಸರ್ವರ್ ತನ್ನ ಕೆಲಸ ಮಾಡುತ್ತಿರುವಾಗಲೇ ಸುಸಂಗತವಾದ ಪ್ರತಿಯನ್ನು ತೆಗೆಯಿತು. ಆ ಆವೃತ್ತಿ ಬೆಂಬಲಿಸುವ ಅತ್ಯಂತ ಹಳೆಯ ಸರ್ವರ್ 9.2, ಅಂದರೆ ನಾವು ಅಂಚಿನಲ್ಲೇ ಇದ್ದೆವು. ಈ ಮೊದಲ ಪ್ರತಿಯಿಂದ ತಿಳಿಯಬೇಕಾಗಿದ್ದದ್ದು ಹೊಸ ಆವೃತ್ತಿಗೆ ದತ್ತಾಂಶ ತಕರಾರಿಲ್ಲದೆ ಹೋಗುತ್ತದೆಯೇ ಎಂಬುದು. ನಿಜವಾದ ವರ್ಗಾವಣೆಯ ಪ್ರತಿಯನ್ನು ಬದಲಾವಣೆಯ ಹೊತ್ತಿಗೆ ಮತ್ತೆ ತೆಗೆಯಲೇಬೇಕು.

ಬಳಕೆದಾರರಿಗೆ ಈ ಏರ್ಪಾಡಿನಿಂದ ಸಿಕ್ಕ ಲಾಭವನ್ನು ನಾನು ಎಲ್ಲಕ್ಕಿಂತ ಹೆಚ್ಚೆಂದು ಎಣಿಸುತ್ತೇನೆ. ಹೋಮ್ ಅನ್ನು ಓದಲಷ್ಟೇ ಸಾಧ್ಯವಾಗುವಂತೆ ಹೊಸ ಮರದೊಳಗೆ ಬೈಂಡ್ ಮಾಡಿ, ಅವರವರ ಪ್ರೋಗ್ರಾಮುಗಳನ್ನು ಹೊಸ ವಾತಾವರಣದಲ್ಲಿ ಪರೀಕ್ಷಿಸುವ ಅವಕಾಶ ಕೊಟ್ಟೆವು. ಸಿ ಭಾಷೆಯಲ್ಲಿ ಬರೆದ, ಜಿಲಿಬ್‌ಸಿಯನ್ನಷ್ಟೇ ನೆಚ್ಚಿದ ಹಳೆಯ ಬೈನರಿಗಳು ಹಾಗೆಯೇ ಓಡಿದವು. ಓಪನ್‌ಎಸ್‌ಎಸ್‌ಎಲ್ 1.0.2ಕ್ಕೆ ಕಟ್ಟಿಕೊಂಡಿದ್ದವು ಓಡಲಿಲ್ಲ, ಏಕೆಂದರೆ ಡೆಬಿಯನ್ 12ರಲ್ಲಿರುವುದು 3.0. ಪೈಥಾನ್ 2 ಡೆಬಿಯನ್ 12ರಲ್ಲಿ ಇಲ್ಲವೇ ಇಲ್ಲ; ಹಳೆಯ ವರ್ಚುವಲ್ ಎನ್ವಿರಾನ್‌ಮೆಂಟ್‌ಗಳೆಲ್ಲ 3.11ರ ಮೇಲೆ ಮತ್ತೆ ಕಟ್ಟಲ್ಪಡಬೇಕಾದವು. ಇವೆಲ್ಲ ಬದಲಾವಣೆಯ ಮರುದಿನ ದೂರುಗಳಾಗಿ ಬರುವ ಬದಲು, ಹಳೆಯ ವ್ಯವಸ್ಥೆ ಇನ್ನೂ ಓಡುತ್ತಿರುವಾಗಲೇ, ಆತುರವಿಲ್ಲದೆ ಬಗೆಹರಿದವು.

ಬೂಟ್ ಮಾಡದೆ ಬೂಟನ್ನು ಪರೀಕ್ಷಿಸುವುದು

ಹೊಸ ಕರ್ನಲ್, ಬೂಟ್‌ನ ಆರಂಭದಲ್ಲಿ ಮೂಲ ಕಡತ ವ್ಯವಸ್ಥೆಯನ್ನು ಹುಡುಕಿಕೊಡುವ ಇನಿಟ್‌ರಾಮ್‌ಎಫ್‌ಎಸ್ ಮತ್ತು ಯಾವುದನ್ನು ಎಲ್ಲಿ ಮೌಂಟ್ ಮಾಡಬೇಕೆಂದು ಹೇಳುವ ಎಫ್‌ಎಸ್‌ಟ್ಯಾಬ್ ಸಿದ್ಧವಾದ ಮೇಲೆ, ಹೊಸ ವಾಲ್ಯೂಮನ್ನು ಹೊರಗಿನಿಂದ ಅನ್‌ಮೌಂಟ್ ಮಾಡಿ, ಕೆವಿಎಂ ಅಡಿಯಲ್ಲಿ ಒಂದು ವರ್ಚುವಲ್ ಯಂತ್ರಕ್ಕೆ ಡಿಸ್ಕಾಗಿ ಕೊಟ್ಟೆವು. ಒಂದೇ ಎಕ್ಸ್ಟ್4 ಅನ್ನು ಎರಡು ಕರ್ನಲ್‌ಗಳು ಏಕಕಾಲಕ್ಕೆ ಮೌಂಟ್ ಮಾಡಿದರೆ ಅದು ಕೆಡುವುದು ಖಚಿತವಾದ್ದರಿಂದ ಅನ್‌ಮೌಂಟ್ ಕಡ್ಡಾಯ. ವರ್ಚುವಲ್ ಯಂತ್ರವನ್ನು ನಡೆಸುವ ಕ್ಯೂಎಂಯುವಿನ ಸ್ನ್ಯಾಪ್‌ಶಾಟ್ ಆಯ್ಕೆಯನ್ನು ಸೇರಿಸಿದ್ದರಿಂದ ಪರೀಕ್ಷೆಯ ಬರಹಗಳೆಲ್ಲ ತಾತ್ಕಾಲಿಕ ಕಡತಕ್ಕೆ ಹೋದವು, ವಾಲ್ಯೂಮ್ ಇದ್ದಂತೆಯೇ ಉಳಿಯಿತು. ಕರ್ನಲ್ ಮತ್ತು ಇನಿಟ್‌ರಾಮ್‌ಎಫ್‌ಎಸ್ ಅನ್ನು ನೇರವಾಗಿ ಹೆಸರಿಸಿ, ಮೂಲ ಕಡತ ವ್ಯವಸ್ಥೆಯನ್ನು ಯುಯುಐಡಿ ಎಂಬ ಅದರ ಗುರುತಿನ ಸಂಖ್ಯೆಯ ಮೂಲಕ ತೋರಿಸಿದೆವು. ವರ್ಚುವಲ್ ನೆಟ್‌ವರ್ಕ್ ಕಾರ್ಡಿಗೆ ನಿಜವಾದ ಕಾರ್ಡಿನ ಮ್ಯಾಕ್ ವಿಳಾಸವನ್ನೇ ಕೊಟ್ಟೆವು. ನಮ್ಮ ನೆಟ್‌ವರ್ಕ್ ಸಂರಚನೆ ಇಂಟರ್‌ಫೇಸಿನ ಹೆಸರನ್ನು ನೆಚ್ಚದೆ ಮ್ಯಾಕ್ ವಿಳಾಸವನ್ನು ಹುಡುಕುವಂತೆ ಬರೆದಿತ್ತು, ಆದ್ದರಿಂದ ಅದೂ ಪರೀಕ್ಷೆಗೊಳಗಾಯಿತು. ಕ್ಯೂಎಂಯುವಿನ ಬಳಕೆದಾರ ಮಟ್ಟದ ನೆಟ್‌ವರ್ಕ್ ನಿಜವಾದ ತಂತಿಗೆ ಹೋಗದ ಕಾರಣ ವಿಳಾಸದ ಘರ್ಷಣೆಯ ಭಯವಿರಲಿಲ್ಲ. ಹೋಮ್ ಮತ್ತು (ಬೂಟ್‌ಲೋಡರ್ ಇರುವ) ಇಎಫ್‌ಐ ವಿಭಾಗಗಳು ಆ ವರ್ಚುವಲ್ ಯಂತ್ರದಲ್ಲಿ ಇರುವುದಿಲ್ಲ. ಎಫ್‌ಎಸ್‌ಟ್ಯಾಬ್‌ನ ಆ ಸಾಲುಗಳಲ್ಲಿ ನೋಫೇಲ್ ಎಂಬ ಆಯ್ಕೆ ಇಲ್ಲದಿದ್ದರೆ ಬೂಟ್ ತುರ್ತು ಶೆಲ್‌ನಲ್ಲಿ ನಿಲ್ಲುತ್ತದೆ.

ಪರೀಕ್ಷೆ ಯಶಸ್ವಿಯಾಯಿತು. ಆದರೆ ಈ ಯಶಸ್ಸು ಏನನ್ನು ಸಾಬೀತುಪಡಿಸಲಿಲ್ಲ ಎಂದು ಕೇಳಿಕೊಳ್ಳುವುದೇ ಈ ಹಂತದ ಮುಖ್ಯ ಕೆಲಸ. ವರ್ಚುವಲ್ ಯಂತ್ರಕ್ಕೆ ವಾಲ್ಯೂಮ್ ಒಂದು ಸರಳ ಡಿಸ್ಕಾಗಿ ಕಾಣುತ್ತದೆ. ಎಲ್‌ವಿಎಂ ಪದರವನ್ನು ಹೊರಗಿನ ಯಂತ್ರ ಈಗಾಗಲೇ ಬಿಚ್ಚಿಕೊಟ್ಟಿರುತ್ತದೆ. ನಿಜವಾದ ಬೂಟ್‌ನಲ್ಲಿ ಆ ಪದರವನ್ನು ಬಿಚ್ಚಬೇಕಾದದ್ದು ಹೊಸ ಇನಿಟ್‌ರಾಮ್‌ಎಫ್‌ಎಸ್. ಅದರೊಳಗಿನ ಕಡತಗಳನ್ನು ಪಟ್ಟಿ ಮಾಡಿ ನೋಡಿದಾಗ ಎಲ್‌ವಿಎಂ ಉಪಕರಣವೇ ಇರಲಿಲ್ಲ, ಏಕೆಂದರೆ ಡಿಬೂಟ್‌ಸ್ಟ್ರಾಪ್ ತರುವ ಕನಿಷ್ಠ ಪ್ಯಾಕೇಜುಗಳಲ್ಲಿ ಅದು ಸೇರಿಲ್ಲ. ಎಲ್‌ವಿಎಂ2 ಪ್ಯಾಕೇಜನ್ನು ಸ್ಥಾಪಿಸಿ ಇನಿಟ್‌ರಾಮ್‌ಎಫ್‌ಎಸ್ ಅನ್ನು ಮತ್ತೆ ಕಟ್ಟಿದೆವು. ಅದರಲ್ಲಿ ಸೇರಬೇಕಾದ ಮಾಡ್ಯೂಲ್‌ಗಳ ಆಯ್ಕೆಯನ್ನು ಡೆಬಿಯನ್‌ನ ವಾಡಿಕೆಯಂತೆ ಹೆಚ್ಚಿನವೆಲ್ಲ ಎಂದೇ ಉಳಿಸಿದೆವು. ಈಗ ಓಡುತ್ತಿರುವ ಯಂತ್ರವನ್ನು ನೋಡಿ ಬೇಕಾದಷ್ಟನ್ನೇ ಆರಿಸುವ ವಿಧಾನವನ್ನು ಸಿಹೆಚ್‌ರೂಟ್‌ನೊಳಗೆ ನೆಚ್ಚುವುದು ಜಾಣತನವಲ್ಲ.

ಬೂಟ್‌ಲೋಡರ್‌ನ ವಿಷಯದಲ್ಲಿ ಇಎಫ್‌ಐ ವಿಭಾಗವನ್ನು ಎರಡೂ ವ್ಯವಸ್ಥೆಗಳು ಹಂಚಿಕೊಂಡವು. ಸೆಂಟ್‌ಒಎಸ್‌ನ ಕೋಶ ಹಾಗೆಯೇ ಉಳಿದು, ಡೆಬಿಯನ್‌ನ ಬೂಟ್‌ಲೋಡರ್ ಆದ ಗ್ರಬ್ ಪಕ್ಕದಲ್ಲಿ ತನ್ನದೇ ಕೋಶ ಮಾಡಿಕೊಂಡಿತು. ಹೊಸ ಕರ್ನಲ್ ಹೊಸ ವಾಲ್ಯೂಮಿನ ಒಳಗೇ ಇದೆ. ಎಲ್‌ವಿಎಂ ಮತ್ತು ಎಕ್ಸ್ಟ್4 ಎರಡನ್ನೂ ಗ್ರಬ್ ಓದಬಲ್ಲದಾದ್ದರಿಂದ ಹಳೆಯ ಬೂಟ್ ವಿಭಾಗವನ್ನು ಮುಟ್ಟಬೇಕಾಗಲಿಲ್ಲ. ಗ್ರಬ್ ಸ್ಥಾಪನೆಯಾದಾಗ ಫರ್ಮ್‌ವೇರ್‌ನ ಬೂಟ್ ಕ್ರಮದಲ್ಲಿ ತನ್ನನ್ನೇ ಮೊದಲಿಗೆ ಇಟ್ಟುಕೊಳ್ಳುತ್ತದೆ. ಅದನ್ನು ಹಾಗೆಯೇ ಬಿಟ್ಟು, ನಡುರಾತ್ರಿ ವಿದ್ಯುತ್ ಹೋಗಿ ಬಂದರೆ, ಯಾರೂ ನೋಡದಿರುವಾಗ ಯಂತ್ರ ಅರೆಬೆಂದ ವ್ಯವಸ್ಥೆಯೊಳಗೆ ಎದ್ದು ಕೂರುತ್ತದೆ. ಆದ್ದರಿಂದ ಇಎಫ್‌ಐ ಬೂಟ್ ಮ್ಯಾನೇಜರ್ ಉಪಕರಣದಿಂದ ಹಳೆಯ ಕ್ರಮವನ್ನು ತಕ್ಷಣ ಮರಳಿ ಸ್ಥಾಪಿಸಿದೆವು.

ಬದಲಾವಣೆಯ ಘಳಿಗೆ

ಕರ್ನಲ್‌ನ ಬದಲಾವಣೆಯನ್ನೂ ರೀಬೂಟ್ ಇಲ್ಲದೆ ಸಾಧಿಸಬಹುದೇ ಎಂದು ನೋಡದೆ ಇರಲಿಲ್ಲ. ಓಡುತ್ತಿರುವ ಕರ್ನಲ್‌ನಿಂದಲೇ ಹೊಸದನ್ನು ಎಬ್ಬಿಸುವ, 2.6.13 ಕರ್ನಲ್‌ನಿಂದ ಇರುವ ಕೆಎಕ್ಸೆಕ್ ಫರ್ಮ್‌ವೇರ್‌ನ ಹಂತವನ್ನು ಹಾರಿಸುತ್ತದೆ, ಪ್ರಕ್ರಿಯೆಗಳನ್ನು ಉಳಿಸುವುದಿಲ್ಲ. 2015ರ 4.0 ಕರ್ನಲ್‌ನಲ್ಲಿ ಸೇರಿದ ಲೈವ್ ಪ್ಯಾಚಿಂಗ್ ಓಡುತ್ತಿರುವ ಕರ್ನಲ್‌ನ ಕೆಲವು ಫಂಕ್ಷನ್‌ಗಳನ್ನು ಬದಲಿಸುತ್ತದೆ, 3.10 ಅನ್ನು ಡೆಬಿಯನ್ 12ರ 6.1 ಆಗಿಸುವುದಿಲ್ಲ. 2023ರ ಸಿಸ್ಟಮ್‌ಡಿ 254ರಲ್ಲಿ ಬಂದ ಸಾಫ್ಟ್ ರೀಬೂಟ್ ಕರ್ನಲ್ ಅನ್ನು ಮುಟ್ಟದೆ, ಸಿದ್ಧಪಡಿಸಿಟ್ಟ ಹೊಸ ಮರಕ್ಕೆ ಬಳಕೆದಾರ ಮಟ್ಟದ ಎಲ್ಲವನ್ನೂ ವರ್ಗಾಯಿಸಬಲ್ಲದು. ನಮ್ಮ ಬಗೆಯ ಕೆಲಸಕ್ಕೆ ಅತ್ಯಂತ ಹತ್ತಿರದ ಉಪಾಯ ಅದೇ, ಆದರೆ ಸೆಂಟ್‌ಒಎಸ್ 7ರಲ್ಲಿರುವುದು ಸಿಸ್ಟಮ್‌ಡಿ 219. ಹಾಗಾಗಿ ಒಂದು ರೀಬೂಟ್ ಉಳಿಯಿತು, ಮತ್ತು ಅದಕ್ಕೆ ಸಿಮ್ಯುಲೇಶನ್ ಮುಗಿಯುವುದನ್ನು ಕಾಯ್ದೆವು. ಕೆಎಕ್ಸೆಕ್ ಬಿಟ್ಟು ಪೂರ್ಣ ರೀಬೂಟನ್ನೇ ಆರಿಸಿಕೊಂಡದ್ದು ಉದ್ದೇಶಪೂರ್ವಕ: ಫರ್ಮ್‌ವೇರ್‌ನಿಂದ ಗ್ರಬ್‌ವರೆಗಿನ ದಾರಿ ಮುಂದೊಂದು ದಿನ ಪರೀಕ್ಷೆಗೆ ಒಳಗಾಗಲೇಬೇಕು, ಯಾರೂ ಇಲ್ಲದ ಹೊತ್ತಿಗಿಂತ ಎಲ್ಲರೂ ಸಿದ್ಧರಾಗಿ ಕುಳಿತಿರುವ ಹೊತ್ತೇ ಅದಕ್ಕೆ ಲೇಸು.

ಸಿಮ್ಯುಲೇಶನ್ ಮುಗಿದು ಬಳಕೆದಾರರು ಹೊರಬಂದ ಮೇಲೆ ಡೇಟಾಬೇಸ್‌ಗೆ ಬರೆಯುವುದನ್ನು ನಿಲ್ಲಿಸಿ, ಕೊನೆಯ ಪ್ರತಿಯನ್ನು ತೆಗೆದು, ನಿಗದಿತ ಹೊತ್ತಿನ ಕೆಲಸಗಳ ಪಟ್ಟಿಗಳಾದ ಕ್ರಾನ್‌ಟ್ಯಾಬ್‌ಗಳನ್ನು ಡೆಬಿಯನ್ ಅಪೇಕ್ಷಿಸುವ ಕೋಶಕ್ಕೆ ಸರಿಯಾದ ಗುಂಪು ಮತ್ತು ಅನುಮತಿಯೊಡನೆ ಇಟ್ಟೆವು. ಸೇವೆಗಳನ್ನು ತಡೆದಿದ್ದ ಸ್ಕ್ರಿಪ್ಟನ್ನೂ ಅಸುರಕ್ಷಿತ ಬರವಣಿಗೆಯ ಆಯ್ಕೆಯನ್ನೂ ತೆಗೆದೆವು. ಬಳಿಕ ಫರ್ಮ್‌ವೇರ್‌ನ ಬೂಟ್‌ನೆಕ್ಸ್ಟ್ ವೇರಿಯಬಲ್‌ನಲ್ಲಿ ಡೆಬಿಯನ್‌ನ ನಮೂದನ್ನು ಬರೆದೆವು. ಇದು ಮುಂದಿನ ಒಂದು ಬೂಟ್‌ಗೆ ಮಾತ್ರ ಅನ್ವಯಿಸಿ ತಾನಾಗಿಯೇ ಅಳಿಯುವಂಥದ್ದು. ಹೊಸ ವ್ಯವಸ್ಥೆ ಏಳದಿದ್ದರೆ ವಿದ್ಯುತ್ ಗುಂಡಿಯೊಂದೇ ಸಾಕು, ಯಂತ್ರ ಹಳೆಯ ಸೆಂಟ್‌ಒಎಸ್‌ಗೆ ಮರಳುತ್ತದೆ. ಅದು ಬೇಕಾಗಲಿಲ್ಲ. ಡೆಬಿಯನ್ ಎದ್ದಿತು, ಹೋಮ್ ಮೌಂಟ್ ಆಯಿತು, ಡೇಟಾಬೇಸ್ ಪ್ರತಿಯನ್ನು ಒಳಸೇರಿಸಿದೆವು, ಮುಂದಿನ ಸಿಮ್ಯುಲೇಶನ್ ಅಂದೇ ಆರಂಭವಾಯಿತು.

ಹಿಂದಿರುಗುವ ದಾರಿ ತೆರೆದಿರುವಷ್ಟು ಕಾಲ ಎರಡು ವಿಷಯಗಳನ್ನು ನೆನಪಿನಲ್ಲಿಟ್ಟುಕೊಳ್ಳಬೇಕು. ಡೆಬಿಯನ್‌ನಡಿ ಹೋಮ್‌ನಲ್ಲಿ ಹುಟ್ಟಿದ ಕಡತಗಳಿಗೆ ಸೆಂಟ್‌ಒಎಸ್‌ನ ಭದ್ರತಾ ಪದರವಾದ ಎಸ್‌ಇಲಿನಕ್ಸ್‌ನ ಗುರುತುಗಳಿರುವುದಿಲ್ಲ, ಆದ್ದರಿಂದ ಸೆಂಟ್‌ಒಎಸ್‌ಗೆ ಮರಳಿದರೆ ಅವನ್ನು ಹಚ್ಚುವ ರಿಸ್ಟೋರ್‌ಕಾನ್ ಓಡಿಸಬೇಕಾಗುತ್ತದೆ. ಹೊಸ ಡೇಟಾಬೇಸ್‌ಗೆ ಸೇರಿದ ದಾಖಲೆಗಳಾದರೋ ಹಳೆಯ 9.2ಕ್ಕೆ ಸುಲಭವಾಗಿ ಹಿಂದಿರುಗುವುದಿಲ್ಲ. ಬರಹಗಳು ಆರಂಭವಾದ ಮೇಲೆ ಹಿಂದಕ್ಕೆ ಹೋಗುವ ಬೆಲೆ ದಿನದಿನಕ್ಕೂ ಏರುತ್ತದೆ. ಕೆಲವು ದಿನಗಳ ನಂತರ ಬೂಟ್ ಕ್ರಮದಲ್ಲಿ ಡೆಬಿಯನ್ ಅನ್ನು ಮೊದಲಿಗೆ ಇಟ್ಟೆವು. ಹಳೆಯ ವಾಲ್ಯೂಮನ್ನು ಮಾತ್ರ ಅಳಿಸಿಲ್ಲ. ಮರಳಿ ಕಟ್ಟಲಾಗದ ಒಂದು ಹಳೆಯ ಪ್ರೋಗ್ರಾಮ್ ಇನ್ನೂ ಬಳಕೆಯಲ್ಲಿದೆ, ಅದನ್ನು ಈಗ ಡೆಬಿಯನ್‌ನ ಒಳಗಿಂದ ಸೆಂಟ್‌ಒಎಸ್‌ನ ಮರಕ್ಕೆ ಸಿಹೆಚ್‌ರೂಟ್ ಮಾಡಿ, ನೆಟ್‌ವರ್ಕ್‌ಗೆ ತೆರೆಯದೆ ಓಡಿಸುತ್ತಿದ್ದೇವೆ. ಅದಕ್ಕೆ ಬದಲಿ ಸಿಕ್ಕ ದಿನ ಆ ವಾಲ್ಯೂಮನ್ನೂ, ಇಎಫ್‌ಐ ವಿಭಾಗದಲ್ಲಿರುವ ಸೆಂಟ್‌ಒಎಸ್‌ನ ಕೋಶವನ್ನೂ, ಫರ್ಮ್‌ವೇರ್‌ನಲ್ಲಿರುವ ಅದರ ನಮೂದನ್ನೂ ತೆಗೆದು, ಬಿಡುಗಡೆಯಾದ ಜಾಗವನ್ನು ಹೋಮ್‌ಗೆ ಸೇರಿಸಲಾಗುವುದು. ಎಕ್ಸ್‌ಎಫ್‌ಎಸ್ ಅನ್ನು ಹಿಗ್ಗಿಸುವುದಕ್ಕೆ ಅನ್‌ಮೌಂಟ್ ಕೂಡ ಬೇಕಾಗಿಲ್ಲ.